ಪೇಟೆಯಿಂದ ವೈಟ್‌ಫೀಲ್ಡ್‌ವರೆಗೆ: ಯಾರ ಹೆಸರಿಗೂ ಇಲ್ಲದ ಜಾಗ ಹುಡುಕುತ್ತಾ

ಬೆಂಗಳೂರಿಗೆ ಪ್ಲಾನೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪ್ಲಾನ್ ಇದೆ. ಒಂದಲ್ಲ, ಹಲವು ಇವೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಕಟ್ಟಿದ ಊರುಗಳು ಇಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೆಲವು ಕಡೆ ಒಂದು ರಸ್ತೆ ದಾಟಿದರೆ ಸಾಕು, ಇನ್ನೊಂದು ಶತಮಾನಕ್ಕೆ ಕಾಲಿಟ್ಟ ಹಾಗಾಗುತ್ತದೆ.

ನನ್ನ ಅಕ್ಕನ ಮಗಳು ಬಾರ್ಸಿಲೋನಾದಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ರಜೆಗೆ ಬಂದಿದ್ದಳು. "ಚಿಕ್ಕಮ್ಮ, ಅಲ್ಲಿ ಎಲ್ರೂ ನಿಮ್ಮೂರು ಹೇಗಿದೆ ಅಂತ ಕೇಳ್ತಾರೆ. ನಂಗೆ ಜಯನಗರ ಬಿಟ್ರೆ ಏನೂ ಗೊತ್ತಿಲ್ಲ" ಅಂದಳು. ಸರಿ, ಒಂದು ವಾರ ಊರನ್ನೇ ಪ್ರವಾಸ ಮಾಡೋಣ ಅಂತ ಹೊರಟೆವು. ಕಾರು ಬೇಡ, ಮೆಟ್ರೋ, ಆಟೋ, ಮಿಕ್ಕಿದ್ದೆಲ್ಲ ಕಾಲ್ನಡಿಗೆ. ಒಂದೇ ಒಂದು ಷರತ್ತು ಹಾಕಿಕೊಂಡೆವು. ಕಟ್ಟಡ ನೋಡುವಾಗ ಅದರ ಪಕ್ಕದಲ್ಲಿ, ಹಿಂದೆ, ನಡುವೆ ಏನು ಬಿಟ್ಟಿದ್ದಾರೆ ಅನ್ನುವುದನ್ನೂ ನೋಡಬೇಕು. ಅಂದರೆ ಯಾರ ಸ್ವಂತವೂ ಅಲ್ಲದ, ಎಲ್ಲರೂ ಬಳಸುವ ಜಾಗ. ಊರು ಬದುಕುವುದು ಅಲ್ಲಿ ಅಂತ ನನಗೆ ಬಹಳ ವರ್ಷಗಳಿಂದ ಅನ್ನಿಸಿದೆ.

ಸೋಮವಾರ, ಪೇಟೆ

ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನಿಂದ ಮೇಲೆ ಬಂದಾಗ ಅಂಗಡಿಗಳ ಶಟರ್ ಇನ್ನೂ ಎತ್ತಿರಲಿಲ್ಲ. ಪೇಟೆಯನ್ನು ನೋಡಬೇಕಾದ್ದು ಆಗಲೇ. ಹತ್ತು ಗಂಟೆ ಆದ ಮೇಲೆ ಜನ, ತಳ್ಳುಗಾಡಿ, ಸ್ಕೂಟರು ಬಿಟ್ಟು ಬೇರೇನೂ ಕಾಣಿಸುವುದಿಲ್ಲ.

1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸುವಾಗ ನಾಲ್ಕು ದಿಕ್ಕಿಗೆ ನೇಗಿಲು ಹೂಡಿದ ಎತ್ತುಗಳನ್ನು ಬಿಟ್ಟರು, ಅವು ಗೀರಿದ ಗೆರೆಯೇ ಬೀದಿಯಾಯಿತು ಅಂತ ಕಥೆ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಬೀದಿಗಳು ಸೇರುವ ಜಾಗದಿಂದ ಎತ್ತುಗಳು ಹೊರಟವು ಅನ್ನುತ್ತಾರೆ. ದೊಡ್ಡಪೇಟೆ ಅಂದರೆ ಈಗಿನ ಅವೆನ್ಯೂ ರಸ್ತೆ. ಕಥೆ ಏನೇ ಇರಲಿ, ಆ ಕೂಡುರಸ್ತೆ ಇದೆ. ಬೀದಿಯ ಗೆರೆ ಹೆಚ್ಚು ಕಡಿಮೆ ಅದೇ ಇದೆ. ಮನೆ ಬಿತ್ತು, ಅಂಗಡಿ ಎದ್ದಿತು, ಮಹಡಿ ಮೇಲೆ ಮಹಡಿ ಏರಿತು, ಆದರೆ ಬೀದಿ ಕದಲಲಿಲ್ಲ. ಇದು ಬೇರೆ ಊರುಗಳಲ್ಲೂ ಹೀಗೇ, ಕಟ್ಟಡಕ್ಕಿಂತ ಬೀದಿಗೆ ಆಯಸ್ಸು ಜಾಸ್ತಿ.

ಪೇಟೆಯ ಸುತ್ತ ಮಣ್ಣಿನ ಕೋಟೆ, ಕಂದಕ ಇದ್ದವು. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ನುಗ್ಗಿದ್ದು ಇಲ್ಲಿಗೇ. ಈಗ ಗೋಡೆ ಇಲ್ಲ, ಬಾಗಿಲಿನ ನೆನಪು ಮಾತ್ರ ಹಲಸೂರು ಗೇಟ್ ಅನ್ನುವ ಹೆಸರಿನಲ್ಲಿ ಉಳಿದಿದೆ. ಒಳಗೆ ಒಂದೊಂದು ಕಸುಬಿಗೆ ಒಂದೊಂದು ಪೇಟೆ: ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ, ತಿಗಳರಪೇಟೆ. ಯೋಜನೆ ಅಂದರೆ ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುವುದು ಮಾತ್ರ ಅಲ್ಲ, ಅಲ್ವಾ? ಯಾರು ಯಾರ ಪಕ್ಕ ಇದ್ದರೆ ಕೆಲಸ ಸಾಗುತ್ತದೆ, ಗಾಡಿ ಎಲ್ಲಿ ನಿಲ್ಲಬೇಕು, ನೀರು ಎಲ್ಲಿಂದ ಬರಬೇಕು ಅನ್ನುವುದೂ ಯೋಜನೆಯೇ.

ನಗರ್ತಪೇಟೆಯ ಒಂದು ಗಲ್ಲಿಯಲ್ಲಿ ಹಳೆಯ ಮನೆಯೊಂದು ಸಿಕ್ಕಿತು. ಮರದ ಕಂಬ, ಮುಂದೆ ಕಲ್ಲಿನ ಜಗಲಿ. ಜಗಲಿಯ ಮೇಲೆ ಹೂ ಕಟ್ಟುತ್ತಾ ಒಬ್ಬ ಅಜ್ಜಿ ಕೂತಿದ್ದರು. "ಇದು ನಿಮ್ಮ ಮನೇನಾ ಅಜ್ಜಿ?" ಅಂತ ಇವಳು ಕೇಳಿದಳು. "ಇಲ್ಲಮ್ಮ, ನಮ್ಮನೆ ಆ ಕಡೆ. ಇಲ್ಲಿ ಬೆಳಗ್ಗೆ ಹೊತ್ತು ನೆರಳು ಚೆನ್ನಾಗಿರುತ್ತೆ" ಅಂದರು. ಇವಳು ತಕ್ಷಣ ನೋಟ್‌ಬುಕ್ ತೆಗೆದು ಜಗಲಿಯ ಅಗಲ, ಎತ್ತರ, ಮೇಲಿನ ಸೂರು ಎಷ್ಟು ಮುಂದೆ ಚಾಚಿದೆ ಎಲ್ಲ ಬರೆದುಕೊಂಡಳು. ಜಗಲಿ ಮನೆಯವರದೇ. ಆದರೆ ಕೂರುವ ಹಕ್ಕು ಬೀದಿಗೆ. ಹೀಗೆ ಮನೆಯ ಒಂದು ಪಾಲನ್ನು ಬೀದಿಗೆ ಬಿಟ್ಟುಕೊಡುವ ರೂಢಿ ಈಗಿನ ಯಾವ ಕಟ್ಟಡ ನಿಯಮದಲ್ಲೂ ಇಲ್ಲ. ಈಗ ಕಟ್ಟುವವರು ಮೊದಲು ಮಾಡುವುದೇ ಕಾಂಪೌಂಡ್ ಗೋಡೆ, ಆಮೇಲೆ ಕಾರು ಹತ್ತಿಸಲು ಫುಟ್‌ಪಾತಿನ ಮೇಲೆ ಇಳಿಜಾರು. ಮನೆ ಬೀದಿಗೆ ಕೊಡುತ್ತಿದ್ದ ಕಾಲ ಹೋಗಿ, ಮನೆಯೇ ಬೀದಿಯಿಂದ ಕಿತ್ತುಕೊಳ್ಳುತ್ತಿದೆ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಅಲ್ಲಿಂದ ಕೆ.ಆರ್. ಮಾರ್ಕೆಟ್‌ಗೆ ನಡೆದೆವು. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದಿಂದ ಬಂದ ಕರೆಂಟಿನಲ್ಲಿ ಈ ಊರಿನ ಮೊದಲ ಬೀದಿದೀಪ ಹತ್ತಿದ್ದು ಇದೇ ಸುತ್ತಿನಲ್ಲಿ. ಸ್ವಲ್ಪ ಮುಂದೆ ಹೋದರೆ ಟಿಪ್ಪುವಿನ ಅರಮನೆ. ಹೈದರಾಲಿ ಶುರು ಮಾಡಿಸಿ 1791ರಲ್ಲಿ ಮುಗಿದ ತೇಗದ ಕಟ್ಟಡ. ಕಂಬಗಳ ನಡುವೆ ಗಾಳಿ ಎಷ್ಟು ಚೆನ್ನಾಗಿ ಆಡುತ್ತದೆ ಅಂದರೆ, ಹೊರಗಿನ ಬಿಸಿಲಿನಿಂದ ಬಂದವರು ಎರಡು ನಿಮಿಷದಲ್ಲಿ ಬೆವರು ಮರೆಯುತ್ತಾರೆ.

ಮಂಗಳವಾರ, ದಂಡು ಮತ್ತು ನಡುವಿನ ಪಾರ್ಕು

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ಇಲ್ಲಿಗೆ ತಂದರು. ಪೇಟೆಯೊಳಗೆ ಅಲ್ಲ, ದೂರದಲ್ಲಿ ತಮ್ಮದೇ ಊರು ಕಟ್ಟಿದರು. ಅದೇ ದಂಡು, ಅಂದರೆ ಕಂಟೋನ್ಮೆಂಟ್. ರಸ್ತೆಗಳ ಹೆಸರಿನಲ್ಲೇ ಪ್ಲಾನ್ ಇದೆ: ಬ್ರಿಗೇಡ್, ಇನ್‌ಫೆಂಟ್ರಿ, ಆರ್ಟಿಲರಿ, ಸೌತ್ ಪರೇಡ್. ಕೊನೆಯದು ಈಗಿನ ಎಂ.ಜಿ. ರಸ್ತೆ. ಅಗಲವಾದ ಕಾಂಪೌಂಡು, ನಡುವೆ ಒಂದೇ ಬಂಗಲೆ, ಸುತ್ತ ಮರ. ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ಬಟ್ಟೆ ಒಗೆಯುವವರು, ಇವರೆಲ್ಲ ಈಗಿನ ಶಿವಾಜಿನಗರದ ಕಡೆ ಇಕ್ಕಟ್ಟಿನಲ್ಲಿ ಇದ್ದರು. ದಂಡಿನ ತಂಪನ್ನು ಹೊಗಳುವಾಗ ಈ ಇಕ್ಕಟ್ಟನ್ನೂ ಹೇಳಬೇಕು. ಎರಡೂ ಒಂದೇ ಪ್ಲಾನಿನ ಭಾಗ.

ಪೇಟೆ ಮತ್ತು ದಂಡು ಬಹಳ ಕಾಲ ಎರಡು ಬೇರೆ ಆಡಳಿತಗಳು. ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಇವೆರಡರ ನಡುವೆ ಇದ್ದದ್ದು ಕಬ್ಬನ್ ಪಾರ್ಕ್. 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಕಾಲದಲ್ಲಿ ಆದದ್ದು. ದೂರ ಇಡಲೆಂದು ಬಿಟ್ಟ ಜಾಗದಲ್ಲಿ ಈಗ ಎಲ್ಲ ಕಡೆಯ ಜನ ಬಂದು ಸೇರುತ್ತಾರೆ. ಭಾನುವಾರ ಅಲ್ಲಿ ಹೋಗಿ ನೋಡಿ, ಬಿದಿರಿನ ಮೆಳೆ ಹತ್ತಿರ ಬುತ್ತಿ ಬಿಚ್ಚಿದ ಕುಟುಂಬ ಒಂದು ಕಡೆ, ಪರೀಕ್ಷೆಗೆ ಓದುವ ಹುಡುಗರು ಇನ್ನೊಂದು ಕಡೆ.

ಪಾರ್ಕಿನ ಅಂಚಿನಲ್ಲಿ ಕೆಂಪು ಅಠಾರಾ ಕಚೇರಿ, ಈಗಿನ ಹೈಕೋರ್ಟ್. 1868ರಲ್ಲಿ ಮುಗಿದದ್ದು. 1980ರ ದಶಕದಲ್ಲಿ ಅದನ್ನು ಕೆಡವುವ ಯೋಚನೆ ಬಂದಿತ್ತು. ಜನ ಕೋರ್ಟಿಗೆ ಹೋದರು, ದನಿ ಎತ್ತಿದರು, ಕಟ್ಟಡ ಉಳಿಯಿತು. ಅದರ ಎದುರಿಗೇ ವಿಧಾನಸೌಧ. ರಷ್ಯಾದಿಂದ ಬಂದ ನಿಯೋಗವೊಂದು ಊರು ನೋಡಿ, ಇಲ್ಲಿ ಬರೀ ಯುರೋಪಿನ ಶೈಲಿಯ ಕಟ್ಟಡಗಳೇ ಇವೆಯಲ್ಲ, ನಿಮ್ಮದು ಅಂತ ಏನೂ ಇಲ್ಲವೇ ಅಂತ ಕೇಳಿತಂತೆ. ಆ ಮಾತು ಕೆಂಗಲ್ ಹನುಮಂತಯ್ಯನವರನ್ನು ಚುಚ್ಚಿತಂತೆ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, ಹನುಮಂತಯ್ಯ ಅದನ್ನು ಪೂರ್ತಿ ದೊಡ್ಡದು ಮಾಡಿ ಕಲ್ಲಿನಲ್ಲಿ ಕಟ್ಟಿಸಿದರು, 1956ರಲ್ಲಿ ಮುಗಿಯಿತು. ಚೀಫ್ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ.

"ಅದೇ ಹೊತ್ತಿಗೆ ಚಂಡೀಗಢ ಶುರುವಾಗಿತ್ತು ಚಿಕ್ಕಮ್ಮ" ಅಂದಳು ಇವಳು. ಹೌದು. ಅಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1951ರಲ್ಲಿ ಕಾಂಕ್ರೀಟಿನಲ್ಲಿ ಹೊಸ ದೇಶದ ಮುಖ ಹುಡುಕುತ್ತಿದ್ದ, 800 ಮೀಟರ್ ಅಗಲ, 1200 ಮೀಟರ್ ಉದ್ದದ ಸೆಕ್ಟರ್‌ಗಳನ್ನು ಗೀಚುತ್ತಿದ್ದ. ಇಲ್ಲಿ ನಮ್ಮವರು ದೇವಸ್ಥಾನದ ಕಂಬ, ಅರಮನೆಯ ಗುಮ್ಮಟ ಎಲ್ಲವನ್ನೂ ಗ್ರಾನೈಟಿನಲ್ಲಿ ಒಟ್ಟುಗೂಡಿಸುತ್ತಿದ್ದರು. ಒಂದೇ ದೇಶ, ಒಂದೇ ಪ್ರಧಾನಿ, ಎರಡು ಪೂರ್ತಿ ಬೇರೆ ಉತ್ತರಗಳು. ಅವಳಿಗೆ ಚಂಡೀಗಢ ಇಷ್ಟ. ನನಗೆ ವಿಧಾನಸೌಧ. ಕಲ್ಲುಕುಟಿಗರ ಕೈ ಕಾಣುತ್ತದಲ್ಲ, ಅದಕ್ಕೆ.

ಸಂಜೆ ಚರ್ಚ್ ಸ್ಟ್ರೀಟ್‌ನಲ್ಲಿ ಕಾಫಿ. 2018ರಲ್ಲಿ ಕಲ್ಲು ಹಾಸಿ ನಡೆಯುವವರಿಗೆ ಅನುಕೂಲ ಮಾಡಿದ ರಸ್ತೆ.

ಬುಧವಾರ, ಬಸವನಗುಡಿ

ನನ್ನ ಪ್ರಕಾರ ಈ ಪ್ರವಾಸದ ತಿರುಳು ಇದೇ ದಿನ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು, ಉಳಿದವರು ಊರಾಚೆ ಗುಡಿಸಲು ಹಾಕಿಕೊಂಡರು. ಗಾಳಿ ಬೆಳಕು ಇರುವ ಹೊಸ ಬಡಾವಣೆ ಬೇಕೇಬೇಕು ಅಂತ ಆಯಿತು. ಹೀಗೆ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಹುಟ್ಟಿದವು. ನೇರ ರಸ್ತೆ, ಅಳತೆ ಮಾಡಿದ ಸೈಟು, ನಡುವೆ ಪಾರ್ಕು, ದೇವಸ್ಥಾನಕ್ಕೆ ಜಾಗ, ಪ್ರತಿ ಮನೆಯ ಸುತ್ತ ಖಾಲಿ.

ಗಾಂಧಿ ಬಜಾರಿನಲ್ಲಿ ದೋಸೆ ತಿನ್ನುತ್ತಾ ಇವಳು ಬಾರ್ಸಿಲೋನಾ ಕಥೆ ಹೇಳಿದಳು. ಅಲ್ಲೂ ಹಳೆಯ ಊರು ಕೋಟೆಯೊಳಗೆ ಉಸಿರುಗಟ್ಟಿತ್ತು, ಕಾಲರಾ ಮತ್ತೆ ಮತ್ತೆ ಬರುತ್ತಿತ್ತು. 1854ರಲ್ಲಿ ಗೋಡೆ ಒಡೆಯಲು ಶುರು ಮಾಡಿದರು. 1859ರಲ್ಲಿ ಇಲ್ಡೆಫಾನ್ಸ್ ಸೆರ್ಡಾ ಅನ್ನುವ ಎಂಜಿನಿಯರ್ ಹೊಸ ವಿಸ್ತರಣೆಯ ನಕ್ಷೆ ಕೊಟ್ಟ. ಒಂದೊಂದು ಬ್ಲಾಕ್ ಸುಮಾರು 113 ಮೀಟರಿನ ಚೌಕ, ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದು, ಸಾಮಾನ್ಯ ರಸ್ತೆಯೇ 20 ಮೀಟರ್. ಬ್ಲಾಕಿನ ಎರಡು ಬದಿ ಮಾತ್ರ ಮನೆ, ಒಳಗೆಲ್ಲ ತೋಟ ಇರಲಿ ಅಂತ ಅವನ ಆಸೆ. ಆದರೆ ಜಾಗದ ಬೆಲೆ ಏರಿತು. ನಾಲ್ಕೂ ಬದಿಗೆ ಕಟ್ಟಿದರು, ಎತ್ತರ ಏರಿಸಿದರು, ಒಳಗಿನ ತೋಟದಲ್ಲಿ ಗೋಡೌನು, ಗ್ಯಾರೇಜು ಬಂದವು. ಈಗ ಅಲ್ಲಿನವರು ಕಷ್ಟಪಟ್ಟು ಕೆಲವು ಒಳ ಅಂಗಳಗಳನ್ನು ಮತ್ತೆ ತೋಟ ಮಾಡುತ್ತಿದ್ದಾರೆ, ಕೆಲವು ಬ್ಲಾಕುಗಳನ್ನು ಒಟ್ಟು ಸೇರಿಸಿ ಒಳರಸ್ತೆಗಳಲ್ಲಿ ಕಾರು ಕಡಿಮೆ ಮಾಡಿದ್ದಾರೆ.

ಕೇಳುತ್ತಾ ಕೇಳುತ್ತಾ ನನಗೆ ಇದು ನಮ್ಮದೇ ಕಥೆ ಅನ್ನಿಸಿತು. ಇನ್ನೊಂದು ಸಂಗತಿ ನೋಡಿ. ಬಸವನಗುಡಿ ಹುಟ್ಟಿದ ಅದೇ 1898ರಲ್ಲಿ ಇಂಗ್ಲೆಂಡಿನಲ್ಲಿ ಎಬೆನೀಜರ್ ಹೋವರ್ಡ್ ತನ್ನ ಉದ್ಯಾನನಗರದ ಯೋಚನೆಯನ್ನು ಪ್ರಕಟಿಸಿದ. ಅದರಂತೆ ಕಟ್ಟಿದ ಮೊದಲ ಊರು ಲೆಚ್‌ವರ್ತ್ ಶುರುವಾಗಿದ್ದು 1903ರಲ್ಲಿ. ಅಷ್ಟೊತ್ತಿಗೆ ಇಲ್ಲಿ ಜನ ಸೈಟು ತಗೊಂಡು ತೆಂಗಿನ ಸಸಿ ನೆಡುತ್ತಿದ್ದರು.

ತಿಂಡಿ ಆದ ಮೇಲೆ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳನ್ನು ಹುಡುಕಿದೆವು. ಹೆಚ್ಚಿನವರಿಗೆ ಇವು ಇವೆ ಅಂತಲೇ ಗೊತ್ತಿಲ್ಲ. ಎರಡು ಸಾಲು ಮನೆಗಳ ಬೆನ್ನು ಸೇರುವ ಕಡೆ ಒಂದು ಕಿರಿದಾದ ಓಣಿ ಬಿಡುತ್ತಿದ್ದರು. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸಿನ ಮಲವನ್ನು ಅಲ್ಲಿಂದ ಹೊತ್ತು ಒಯ್ಯುತ್ತಿದ್ದರು. ಹೊತ್ತವರು ಯಾರು, ಅವರು ಮುಂಬಾಗಿಲಿನ ರಸ್ತೆಯಲ್ಲಿ ಕಾಣಿಸದಿರಲಿ ಅಂತ ಯಾಕೆ ಓಣಿ ಮಾಡಿದರು, ಇದನ್ನು ಬಾಯಿ ಬಿಟ್ಟು ಹೇಳಬೇಕು. ಜಾತಿ ಈ ನಕ್ಷೆಯಲ್ಲೇ ಇದೆ. ಆರೋಗ್ಯದ ಹೆಸರಿನಲ್ಲಿ ಮಾಡಿದ ಪ್ಲಾನು ಕೆಲವರ ಬದುಕನ್ನು ಬೆನ್ನ ಹಿಂದಕ್ಕೆ ತಳ್ಳಿತ್ತು.

ಒಳಚರಂಡಿ ಬಂದ ಮೇಲೆ ಈ ಓಣಿಗಳಿಗೆ ಕೆಲಸ ಇಲ್ಲವಾಯಿತು. ಕೆಲವು ಕಡೆ ಗೇಟು ಹಾಕಿ ಮನೆಗೆ ಸೇರಿಸಿಕೊಂಡಿದ್ದಾರೆ, ಕೆಲವು ಕಡೆ ಕಸ. ಆದರೆ ಇನ್ನೊಂದು ದಾರಿಯೂ ಇದೆ. ಮಲ್ಲೇಶ್ವರದಲ್ಲಿ ಕೆಲವು ಗಲ್ಲಿಗಳನ್ನು ಅಲ್ಲಿನ ನಿವಾಸಿಗಳೇ ಮುಂದೆ ನಿಂತು ಚೊಕ್ಕಟ ಮಾಡಿಸಿ, ಗೋಡೆಗೆ ಚಿತ್ರ ಬರೆಸಿ, ನಡೆಯುವ ಹಾದಿ ಮಾಡಿಕೊಂಡಿದ್ದಾರೆ. ಮಕ್ಕಳು ಸ್ಕೂಲಿಗೆ, ವಯಸ್ಸಾದವರು ತರಕಾರಿಗೆ, ದೊಡ್ಡ ರಸ್ತೆಯ ಗಲಾಟೆ ಇಲ್ಲದೆ ಹೋಗಬಹುದು. ಅವಮಾನಕ್ಕೆ ಮಾಡಿದ ಓಣಿ ಎಲ್ಲರ ಓಣಿ ಆಗಬಹುದಾದರೆ ಅದಕ್ಕಿಂತ ಒಳ್ಳೆಯದು ಏನಿದೆ?

ಮಧ್ಯಾಹ್ನ ದೊಡ್ಡ ಬಸವಣ್ಣನ ಗುಡಿ. ವೃಷಭಾವತಿ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ನಂಬಿಕೆ.

ಗುರುವಾರ, ಜಯನಗರದಿಂದ ಬನ್ನೇರುಘಟ್ಟ ರಸ್ತೆಗೆ

ಜಯನಗರ ನಮ್ಮ ಮನೆಯ ಸುತ್ತಮುತ್ತಲೇ, ಬೇಗ ಮುಗಿಸಿದೆವು. 1945ರಲ್ಲಿ ಬಂದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಾಲದ ಬಡಾವಣೆ, 1948ರಲ್ಲಿ ಶುರು. ಬ್ಲಾಕು, ಮೇನು, ಕ್ರಾಸು. ವಿಳಾಸ ಹೇಳಿದರೆ ಆಟೋದವರು ಕಣ್ಣುಮುಚ್ಚಿ ಬರುತ್ತಾರೆ. ಮರಗಳ ಸಾಲು ಇನ್ನೂ ಚೆನ್ನಾಗಿದೆ.

ಹೆಚ್ಚು ಹೊತ್ತು ಕಳೆದದ್ದು ವಾಸ್ತುಶಿಲ್ಪಿ ಬಿ.ವಿ. ದೋಶಿ ಕಟ್ಟಿದ ಐಐಎಂ ಕ್ಯಾಂಪಸ್ಸಿನಲ್ಲಿ. ಮೊದಲೇ ಕೇಳಿ ಅನುಮತಿ ತೆಗೆದುಕೊಂಡಿದ್ದಳು. ದೋಶಿ ಲ ಕಾರ್ಬೂಸಿಯೆ ಹತ್ತಿರ ಕೆಲಸ ಮಾಡಿದವರು, 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದರು. ಈ ಕ್ಯಾಂಪಸ್ಸಿಗೆ ಫತೇಪುರ್ ಸಿಕ್ರಿಯ ಅಂಗಳ, ಹಾದಿಗಳು ಸ್ಫೂರ್ತಿ. ಗೋಡೆಗೆ ಇಲ್ಲಿನದೇ ಬೂದು ಗ್ರಾನೈಟು. ನಾನು ಎಷ್ಟೋ ಕಟ್ಟಡ ನೋಡಿದ್ದೇನೆ, ಆದರೆ ಓಡಾಡುವ ಹಾದಿಯನ್ನೇ ಮುಖ್ಯ ಕೋಣೆ ಮಾಡಿದ ಕಟ್ಟಡ ಇಷ್ಟು ಹತ್ತಿರದಿಂದ ನೋಡಿದ್ದು ಇಲ್ಲೇ. ಕಾರಿಡಾರು ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಕೆಲವೆಡೆ ಮೇಲೆ ಸೂರು, ಕೆಲವೆಡೆ ಬರೀ ತೊಲೆಗಳು, ಅವುಗಳ ಮೇಲೆ ಬಳ್ಳಿ, ಅದರ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ನೆಲಕ್ಕೆ. ಪಾಠ ಕ್ಲಾಸಿನ ಒಳಗೆ ಮಾತ್ರ ಆಗುವುದಿಲ್ಲ, ಹೊರಗೆ ನಿಂತು ಮಾತಾಡುವಾಗಲೂ ಆಗುತ್ತದೆ ಅನ್ನುವ ನಂಬಿಕೆ ಕಲ್ಲಿನಲ್ಲಿ ಕಾಣುತ್ತದೆ. ಮೆಟ್ಟಿಲ ಮೇಲೆ ಕೂತು, "ಇದು ಪೇಟೆ ಜಗಲಿಯೇ ಚಿಕ್ಕಮ್ಮ, ಉದ್ದ ಮಾಡಿದ್ದಾರೆ ಅಷ್ಟೆ" ಅಂದಳು. ಸರಿಯಾಗಿ ಹೇಳಿದಳು.

ಶುಕ್ರವಾರ, ನೀರಿನ ಹಾದಿ

ಬೆಳಗ್ಗೆ ಲಾಲ್‌ಬಾಗಿನ ಬಂಡೆ ಹತ್ತಿದೆವು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಮೇಲೆ ಕೆಂಪೇಗೌಡರ ಗೋಪುರ. ಊರಿನ ಗುಟ್ಟು ಅರ್ಥವಾಗಬೇಕಾದರೆ ಎತ್ತರದಿಂದ ಶುರು ಮಾಡಬೇಕು. ಬೆಂಗಳೂರು ಏಣಿನ, ಅಂದರೆ ಎತ್ತರದ ದಿಬ್ಬದ ಸಾಲಿನ, ಮೇಲೆ ಕೂತ ಊರು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿ ಹತ್ತಿರ ಇಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಒಂದು ತುಂಬಿ ಕೋಡಿ ಬಿದ್ದರೆ ಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ಎತ್ತುವುದಕ್ಕೆ, ಇಳಿಸುವುದಕ್ಕೆ ನೀರುಗಂಟಿ. ನನ್ನ ಮಟ್ಟಿಗೆ ಈ ಊರಿನ ಅತಿ ದೊಡ್ಡ ಯೋಜನೆ ಇದೇ, ಯಾವ ಕಟ್ಟಡವೂ ಇದರ ಸಮಕ್ಕೆ ಬರುವುದಿಲ್ಲ.

ಅಲ್ಲಿಂದ ಕೆರೆಗಳಿದ್ದ ಜಾಗಗಳನ್ನು ನೋಡುತ್ತಾ ಹೋದೆವು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಗಿದೆ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ. ಕರಗದ ವಿಧಿಗೆಂದು ಅಲ್ಲಿ ಒಂದು ಸಣ್ಣ ಹೊಂಡ ಮಾತ್ರ ಉಳಿಸಿದ್ದಾರೆ. ಕರಗ ನಡೆಸುವ ತಿಗಳ ಸಮುದಾಯದವರು ಬಿಟ್ಟುಕೊಡದೆ ನಡೆಸಿಕೊಂಡು ಬಂದ ಆಚರಣೆಯಿಂದಾಗಿ ಒಂದಿಷ್ಟು ನೀರು ಉಳಿಯಿತು, ಕಾಗದದ ಮೇಲಿನ ನಿಯಮಗಳಿಂದ ಅಲ್ಲ. ಕೋರಮಂಗಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಕಟ್ಟಿದ್ದು ಕೆರೆಯಂಗಳದಲ್ಲಿ.

ಶಾಂತಿನಗರದ ಹತ್ತಿರ ಕೆ-100 ಅಂತ ಕರೆಯುವ ರಾಜಕಾಲುವೆಯ ಪಕ್ಕ ನಡೆದೆವು. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನ ಕಡೆ ಹರಿಯುವ ಇದನ್ನು ಶುದ್ಧ ಮಾಡಿ, ಪಕ್ಕದಲ್ಲಿ ನಡೆಯುವ ಹಾದಿ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಎಲ್ಲ ಕಡೆ ಒಂದೇ ಸಮ ಇಲ್ಲ, ವಾಸನೆ ಪೂರ್ತಿ ಹೋಗಿಲ್ಲ. ಆದರೂ ಕಾಲುವೆಗೆ ಬೆನ್ನು ಹಾಕಿದ್ದ ಊರು ಮತ್ತೆ ಅದರ ಕಡೆ ಮುಖ ಮಾಡುತ್ತಿದೆ ಅನ್ನುವುದೇ ನನಗೆ ಖುಷಿ. ದಕ್ಷಿಣ ಕೊರಿಯಾದ ಸೋಲ್ ನಗರದ ಚಿಯಾಂಗ್‌ಗೆಚಿಯಾನ್ ತೊರೆಯ ಫೋಟೋಗಳನ್ನು ಇವಳು ಮೊಬೈಲಿನಲ್ಲಿ ತೋರಿಸಿದಳು. ಅಲ್ಲಿ ತೊರೆಯ ಮೇಲೆ ಕಾಂಕ್ರೀಟು ಮುಚ್ಚಿ, ಅದರ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಆ ಹೆದ್ದಾರಿಯನ್ನೇ ಕೆಡವಲು ಶುರು ಮಾಡಿದರು, 2005ರಲ್ಲಿ ಊರ ನಡುವೆ ಸುಮಾರು 5.8 ಕಿಲೋಮೀಟರ್ ತೊರೆ ಮತ್ತೆ ತೆರೆಯಿತು. ಈಗ ಅಲ್ಲಿ ಹರಿಯುವ ನೀರಿನ ಬಹುಪಾಲು ಪಂಪ್ ಮಾಡಿದ್ದು, ಅದನ್ನೂ ಹೇಳಬೇಕು. ಆದರೆ ರಸ್ತೆ ಒಂದು ಸಲ ಕಟ್ಟಿದರೆ ಮುಗಿಯಿತು, ಇನ್ನು ತೆಗೆಯಲು ಆಗುವುದಿಲ್ಲ ಅನ್ನುವ ಮಾತು ಸುಳ್ಳು ಅಂತ ಆ ಊರು ತೋರಿಸಿಕೊಟ್ಟಿತು.

ಹಳೆಯ ಸರ್ವೆ ದಾಖಲೆಗಳಲ್ಲಿ ಕಾಲುವೆ, ದಾರಿಗಳನ್ನು ಬಿ ಖರಾಬು ಅಂತ ಬರೆದಿರುತ್ತಾರೆ, ಅಂದರೆ ಊರಿನ ಬಳಕೆಗೆ ಬಿಟ್ಟ ಜಾಗ. ಜೊತೆಗೆ ದನ ಮೇಯುವ ಗೋಮಾಳ, ಊರಿನ ಮರಗಳ ಗುಂಡುತೋಪು. ಯಾರ ಹೆಸರಿಗೂ ಖಾತೆ ಇಲ್ಲ. ಹಾಗಂತ ಅದು ಖಾಲಿ ಜಾಗ ಅಲ್ಲ. ಖಾಲಿ ಅಂತ ತಿಳಿದು ಮುಚ್ಚುತ್ತಾ ಬಂದ ಫಲವನ್ನು 2022ರ ಸೆಪ್ಟೆಂಬರಿನಲ್ಲಿ ನೋಡಿದೆವು. ಹೊರವರ್ತುಲ ರಸ್ತೆಯ ಕಡೆ ಐಟಿ ಕಂಪನಿಯವರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ನೀರಿಗೆ ತನ್ನ ಹಳೆಯ ದಾರಿ ಮರೆತಿರಲಿಲ್ಲ.

ಶನಿವಾರ, ವೈಟ್‌ಫೀಲ್ಡ್

ನೇರಳೆ ಮಾರ್ಗದ ಕೊನೆಯವರೆಗೆ ಮೆಟ್ರೋ. ಕಿಟಕಿಯಿಂದ ಗಾಜಿನ ಆಫೀಸುಗಳು, ಎತ್ತರದ ಅಪಾರ್ಟ್‌ಮೆಂಟುಗಳು, ಅವುಗಳ ಸುತ್ತ ಗೋಡೆ. ಗೋಡೆಯೊಳಗೆ ತೋಟ, ವಾಕಿಂಗ್ ಹಾದಿ, ಮಕ್ಕಳ ಆಟದ ಜಾಗ ಎಲ್ಲ ಇದೆ. ಗೋಡೆಯ ಹೊರಗೆ ನಡೆಯಲು ಒಂದು ಚಪ್ಪಡಿ ಇಲ್ಲ. ಒಳಗೆ ಇರುವವರು ಒಳ್ಳೆಯವರೇ, ದುಡಿದು ಮನೆ ಕೊಂಡವರು. ಆದರೆ ಕೆಲಸದವರು, ಡೆಲಿವರಿ ಹುಡುಗರು ಲಾರಿಗಳ ಪಕ್ಕದಲ್ಲೇ ಜೀವ ಕೈಯಲ್ಲಿ ಹಿಡಿದು ನಡೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ನಾವು ಹೋದದ್ದು ಇನ್ನರ್ ಸರ್ಕಲ್‌ಗೆ. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ನೆಲದಲ್ಲಿ ಆದ ಊರು ಇದು. ಸಂಘದ ಮುಂದಾಳು ವೈಟ್ ಅವರ ಹೆಸರೇ ಊರಿಗೆ. ನಡುವೆ ಹಸಿರು, ಸುತ್ತ ದುಂಡಗೆ ರಸ್ತೆ, ರಸ್ತೆಯ ಆಚೆ ಹಿತ್ತಲು ಇರುವ ಮನೆಗಳು. ಹಳೆಯ ಹೆಂಚಿನ ಮನೆಗಳು ಈಗ ಕೆಲವೇ ಉಳಿದಿವೆ, ಆದರೆ ವೃತ್ತ ಇದೆ, ನಡುವಿನ ಹಸಿರು ಇದೆ. ಇವಳು ಅದನ್ನು ಹೆಜ್ಜೆ ಹಾಕಿ ಅಳೆದಳು. ನಾನು ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಇಷ್ಟು ವರ್ಷ ಆಯ್ತು, ಇದನ್ನ ಮಾತ್ರ ಯಾರೂ ಕೇಳಕ್ಕೆ ಬಂದಿಲ್ಲ ನೋಡಿ" ಅಂದರು.

ವಾಪಸ್ ಬರುವಾಗ ಮೆಟ್ರೋದಲ್ಲಿ ಮಾಸ್ಟರ್ ಪ್ಲಾನ್ ಮಾತು ಬಂತು. ಈ ಊರಿಗೆ 2007ರಲ್ಲಿ ಒಪ್ಪಿಗೆಯಾದ, 2015ರವರೆಗಿನ ಪ್ಲಾನೇ ಕೊನೆಯದು. 2031ಕ್ಕೆಂದು ಮಾಡಿದ ಕರಡು ವಾಪಸಾಯಿತು. 2025ರಲ್ಲಿ ಆಡಳಿತವೇ ಬದಲಾಗಿ ಐದು ಕಾರ್ಪೊರೇಷನ್‌ಗಳಾದವು. ಮುಂದಿನ ಕರಡು ಬಂದಾಗ ಆಕ್ಷೇಪಣೆಗೆ ಸಮಯ ಕೊಡುತ್ತಾರೆ. ಆಗ ನಿಮ್ಮ ವಾರ್ಡಿನ ಹಾಳೆ ತೆಗೆದು ಕಾಲುವೆಯ ಗೆರೆ, ಪಾರ್ಕಿನ ಹಸಿರು, ಹಿಂದಿನ ಓಣಿ ಇವೆಯೇ ನೋಡಿ, ಇಲ್ಲದಿದ್ದರೆ ಬರೆದು ಕೊಡಿ. ನಾವಿಬ್ಬರೂ ಬರೆಯುವವರಿದ್ದೇವೆ, ಅವಳು ಅಲ್ಲಿಂದಲೇ ಕಳಿಸುತ್ತಾಳಂತೆ.

ಹೋಗುವವರಿಗೆ ಒಂದೆರಡು ಮಾತು. ಪೇಟೆಗೆ ಬೆಳಗ್ಗೆ ಏಳಕ್ಕೇ ಹೋಗಿ. ವಿಧಾನಸೌಧವನ್ನು ಹೊರಗಿನಿಂದ ಯಾವಾಗ ಬೇಕಾದರೂ ನೋಡಬಹುದು. ಐಐಎಂಗೆ ಮೊದಲೇ ಕೇಳಿಕೊಳ್ಳಬೇಕು. ಬಸವನಗುಡಿಗೆ ಕಡಲೆಕಾಯಿ ಪರಿಷೆ ಸಮಯದಲ್ಲಿ ಹೋದರೆ ಬೀದಿಯೇ ಅಂಗಳ ಆಗುವುದನ್ನು ನೋಡಬಹುದು. ಕಾರ್ತಿಕ ಮಾಸದ ಕೊನೇ ಸೋಮವಾರ, ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.